ಬೆನ್ನ ಮೇಲಿನ ಜಿಪ್

21 ಏಪ್ರಿಲ್ 2025, ಸೋಮವಾರ — ಸಂಜೆ 6.30

ಇನ್ನೂರು ಗೆರೆಪುಟಗಳ ಏಕಚ್ಛತ್ರಾಧಿಪತಿಗಳೂ, ಸಕಲ ಗುಟ್ಟುಗಳ ಉಗ್ರಾಣರಕ್ಷಕರೂ, ಕೆಮಿಸ್ಟ್ರಿ ರೆಕಾರ್ಡ್ ಆಗಲು ಹುಟ್ಟಿ ದಾರಿ ತಪ್ಪಿ ನನ್ನ ಕೈ ಸೇರಿದವರೂ ಆದ ಶ್ರೀಮನ್ಮಹಾ ನೋಟ್‌ಬುಕ್ ಸನ್ನಿಧಾನಕ್ಕೆ, ಕೂಕಟ್‌ಪಲ್ಲಿಯ ಮೂರನೆಯ ಮಹಡಿಯಿಂದ ಬಿ.ಎಸ್‌ಸಿ. ಎರಡನೆಯ ವರ್ಷದ ಮಧುರಾ ಎಂಬ ಪಾಮರಳು ಅಡ್ಡಬಿದ್ದು ಮಾಡುವ ಅರಿಕೆ —

ಇವತ್ತೂ ವೈನಿಯ ಚಹಾಕ್ಕೆ ಉಪ್ಪು ಹಾಕಿದೆ. ಇವತ್ತೂ ಸಿಕ್ಕಿಬಿದ್ದೆ. ಇವತ್ತೂ ಅವ್ವ ರೊಟ್ಟಿ ಬಡಿಯುವಾಗ ಕೆಳಗಿನ ಫ್ಲ್ಯಾಟಿನವರು ಬಂದು, ತೆಲುಗಿನಲ್ಲಿ ನಿಟ್ಟುಸಿರು ಬಿಟ್ಟು ಹೋದರು.

ವಿಶೇಷ ಸಂಗತಿ ನಿನ್ನೆಯದು. ಬರೆಯಲು ಒಂದು ದಿನ ಬೇಕಾಯಿತು.

ಶಹರದ ಹೊರಗಿನ ಆ ದೊಡ್ಡ ಪಾರ್ಕಿಗೆ ಹೋಗಿದ್ದೆವು. ಅಣ್ಣ ಮಹೇಶಕುಮಾರ, ಅವನ ಹೆಂಡತಿ ಸ್ನೇಹಲತಾ ವೈನಿ, ಅವರ ಮಗಳು ನೀಲಾ, ನಾನು. ಗೇಟಿನಲ್ಲೇ ಕರಡಿ. ಅಂದರೆ ಕರಡಿ ವೇಷದ ಮನುಷ್ಯ. ಕೆಂಪು ವೇಸ್ಟ್‌ಕೋಟು, ನೀರಿನ ಟ್ಯಾಂಕಿನಷ್ಟು ತಲೆ, ರೆಪ್ಪೆ ಇಲ್ಲದ ಕಣ್ಣು. ಮಕ್ಕಳೆಲ್ಲ ಸೆಲ್ಫಿಗೆ ಕ್ಯೂ. ನೀಲಾ ನೋಡಿದಳು. ಚೀರಲಿಲ್ಲ. ತಿರುಗಿ ಓಡಿದಳು. ಗೇಟಿನ ಸಲಾಕೆಯ ಕೆಳಗೆ ನುಸುಳಿ, ಪಾರ್ಕಿಂಗ್ ದಾಟಿ, ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಬೆನ್ನಿಗೆ ನೇರವಾಗಿ...

ಬಸ್ಸು ನಿಂತಿತು. ಅವಳಿಗೂ ಬಂಪರಿಗೂ ನಡುವೆ ಒಂದು ಮೊಳ. ಅಳೆದಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ.

ಅಣ್ಣ ಓಡಿಹೋಗಿ ಎತ್ತಿಕೊಂಡ. ಆಗ ಚೀರಿದಳು. ಅವನ ಎದೆಗೆ ಗುದ್ದಿದಳು, ಕುತ್ತಿಗೆಗೆ ಉಗುರು ಹಾಕಿದಳು. ಬಸ್ಸಿನ ಗಾಬರಿ ಅಂದುಕೊಂಡೆವು.

ಮನೆಗೆ ಬಂದ ಮೇಲೆ ಅಣ್ಣ ನನ್ನನ್ನು ಬಾಲ್ಕನಿಗೆ ಕರೆದ.

“ಮಧು, ಏನರ ಮಾಡು. ನಿನ್ನ ಮಾತು ಕೇಳ್ತಾಳ. ನಾ ಹತ್ರ ಹೋದ್ರ ದೂರ ಸರ್ಯಾಕತ್ತಾಳ.”

ಜೂನ್ ಒಂದಕ್ಕೆ ಅವಳಿಗೆ ಏಳು ತುಂಬುತ್ತದೆ. ಅಣ್ಣನ ಫ್ಯಾಕ್ಟರಿಯವರು ಕುಟುಂಬ ಸಮೇತ ಅದೇ ದಿನ ಅದೇ ಪಾರ್ಕಿಗೆ ಹೊರಟಿದ್ದಾರೆ. ಅದು ಬಿಡಿ. ಶಾಲೆಯ ವ್ಯಾನು ನಿಲ್ಲುವ ಮೂಲೆಯಲ್ಲಿ ಒಂದು ಮೊಬೈಲ್ ಅಂಗಡಿ, ಅದರ ಮುಂದೆಯೂ ಮೊನ್ನೆಯಿಂದ ದಿನಾ ಒಂದು ಕರಡಿ ಕೈಬೀಸುತ್ತದೆ. ಜೂನಿನಲ್ಲಿ ಶಾಲೆ. ಅಲ್ಲಿಯೂ ಹೀಗೆ ಓಡಿದರೆ? ಅದು ಮೆಟ್ರೋ ಕೆಳಗಿನ ರಸ್ತೆ.

ಆದ್ದರಿಂದ ಈ ಮೂಲಕ ಕರಡಿ ನಿವಾರಣಾ ಉನ್ನತಾಧಿಕಾರ ಆಯೋಗ ರಚಿಸಲಾಗಿದೆ. ಅಧ್ಯಕ್ಷೆ: ನಾನು. ಸದಸ್ಯರು: ನಾನು.

23 ಏಪ್ರಿಲ್ — ಮಧ್ಯಾಹ್ನ

ಆಯೋಗದ ಮೊದಲ ಬೈಠಕ್, ಊಟದ ಮೇಜಿನ ಕೆಳಗೆ. ಸಾಕ್ಷಿ ನೀಲಾ, ಕೈಯಲ್ಲಿ ಮಾವಿನ ಹೋಳು.

ಹಲ್ಲಿಗೆ ಹೆದರಿಕೆಯೇ? ಇಲ್ಲ. ನಾಯಿಗೆ? ಇಲ್ಲ. ಸಿನಿಮಾದ ದೆವ್ವಕ್ಕೆ? ಅದು ಟಿವಿಯೊಳಗೆ ಇರ್ತದ, ಅಂದಳು, ನನ್ನನ್ನು ದಡ್ಡಿ ಎಂಬಂತೆ ನೋಡಿ. ಹಾಗಾದರೆ ಕರಡಿಯಲ್ಲಿ ಏನು ಹೆದರಿಕೆ?

ಹೋಳು ಪೂರ್ತಿ ಚೀಪಿದಳು. ಆಮೇಲೆ —

“ಒಳಗ ಯಾರದಾರ ಗೊತ್ತಾಗಂಗಿಲ್ಲ, ಅತ್ತಿ.”

ಇಷ್ಟೇ. ಆಯೋಗಕ್ಕೆ ಮೂಲವ್ಯಾಧಿ ಸಿಕ್ಕಿತು. (ಆ ಪದದ ಇನ್ನೊಂದು ಅರ್ಥ ಈಗ ಹೊಳೆಯಿತು. ಕಡತದಿಂದ ತೆಗೆಯಲಾಗಿದೆ.) ಒಳಗೆ ಯಾರೆಂದು ತಿಳಿಯದಿರುವುದೇ ರೋಗ, ತೋರಿಸುವುದೇ ಔಷಧಿ. ಇಷ್ಟು ಸುಲಭದ್ದನ್ನು ಇವರೆಲ್ಲ ಇಷ್ಟು ದಿನ ಹೇಗೆ ಬಿಟ್ಟರೋ.

26 ಏಪ್ರಿಲ್, ಶನಿವಾರ

ಕೋಠಿ ಬಜಾರಿಗೆ ಹೋದೆ. ಪುಸ್ತಕದಂಗಡಿ ಸಾಲಿನ ಹಿಂದಿನ ಗಲ್ಲಿಯಲ್ಲಿ ಅಂಬಣ್ಣನವರ ವೇಷದಂಗಡಿ. ಭಾಲ್ಕಿ ಕಡೆಯವರು. ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೆ ಶಹರದ ಅರ್ಧ ಮಕ್ಕಳು ಇಲ್ಲಿಂದಲೇ ತರಕಾರಿಯೂ ಸ್ವಾತಂತ್ರ್ಯ ಹೋರಾಟಗಾರರೂ ಆಗಿ ಹೋಗುತ್ತಾರೆ. ನಾನು ಹಿಂದೆ ಬದನೆಕಾಯಿ ಆಗಿದ್ದೆ.

ಕಂದು ಕರಡಿಯ ತಲೆ ಇಳಿಸಿ, ಧೂಳು ಹೊಡೆದು, ಪಾಠ ಹೇಳಿದರು. ಕಣ್ಣು ಬರೀ ಬಣ್ಣ. ಒಳಗಿನವನು ನೋಡುವುದು ಬಾಯಿಯ ಜಾಳಿಗೆಯಿಂದ. ಸೊಂಟಕ್ಕಿಂತ ಕೆಳಗಿನದು ಅವನಿಗೆ ಕಾಣುವುದೇ ಇಲ್ಲ, ಅದಕ್ಕೇ ಪಕ್ಕದಲ್ಲಿ ಒಬ್ಬ ಕೈಹಿಡಿಯುವವ ಬೇಕು. ಮಗುವಿಗೆ ಒಮ್ಮೆಲೇ ತೋರಿಸಬಾರದು. ಮೊದಲು ಕೈಗವಸು, ಆಮೇಲೆ ಪಾದ, ಆಮೇಲೆ ಮೈ. ತಲೆ ಕೊನೆಗೆ. “ತಲೀ ಮೊದಲ ತೋರಿಸಿದ್ರ ಆಟ ಖತಂ ಆತ ನೋಡವಾ,” ಅಂದರು. ಅನುಭವದ ಮಾತು. ನಮಸ್ಕರಿಸಿ, ಇಡೀ ವೇಷವನ್ನು ಬಾಡಿಗೆಗೆ ತಂದೆ.

ಮೆಟ್ರೋದಲ್ಲಿ ತಲೆ ಸ್ಕ್ಯಾನಿಂಗ್ ಮಷೀನಿನೊಳಗೆ ಹಿಡಿಯಲಿಲ್ಲ. ಸೆಕ್ಯೂರಿಟಿ ಅಕ್ಕ ಕರಡಿಯ ಬಾಯಿಗೆ ಕೈಹಾಕಿ ತಪಾಸಣೆ ಮಾಡಿದಳು. ಕೂಕಟ್‌ಪಲ್ಲಿಯವರೆಗೆ ತೊಡೆಯ ಮೇಲೆ ಕರಡಿ. ಅಕ್ಕಪಕ್ಕದ ಎರಡು ಸೀಟು ಖಾಲಿ. ಇದಕ್ಕಿಂತ ಆರಾಮದ ಪ್ರಯಾಣ ನೆನಪಿಲ್ಲ.

29 ಏಪ್ರಿಲ್

ಕೈಗವಸು — ಪಾಸ್. ಅದನ್ನು ತೊಟ್ಟು ಒಂದು ಹಿಡಿ ಪುಟಾಣಿ ತಿಂದಳು. ಪಾದ — ಪಾಸ್. ಮೈ — ನಿನ್ನೆಯಿಂದ ಸೋಫಾದ ಮೇಲೆ ಮಲಗಿದೆ, ಅವ್ವ ಅದಕ್ಕೊಂದು ದಿಂಬು ಕೊಟ್ಟಿದ್ದಾಳೆ.

1 ಮೇ — ಮಧ್ಯಾಹ್ನ 1

ಐತಿಹಾಸಿಕ ದಿನ. ಬೆಡ್‌ರೂಮಿನಲ್ಲಿ ವೇಷ ತೊಟ್ಟೆ, ಪೂರ್ತಿ. ಹಾಲಿಗೆ ಬಂದೆ. ನೀಲಾ ಅವ್ವನ ತೊಡೆಯ ಮೇಲೆ ಕಲ್ಲಾಗಿ ಕುಳಿತಿದ್ದಳು. ಮೂರು ಹೆಜ್ಜೆ, ಒಂದು ಸಲಾಮು, ತಲೆ ಎತ್ತಿ ತೆಗೆದೆ. ಬೆವರಿನಲ್ಲಿ ಅಂಟಿದ ಕೂದಲಿನ ನಾನು.

ಅಳಲಿಲ್ಲ. ಇಳಿದು ಬಂದಳು. ನನ್ನ ಸುತ್ತ ಒಂದು ಪ್ರದಕ್ಷಿಣೆ. ಬೆನ್ನ ಹಿಂದೆ ನಿಂತು ಜಿಪ್ ಎಳೆದಳು. ಕೆಳಗೆ, ಮೇಲೆ, ಕೆಳಗೆ. ಹತ್ತು ಸಲ ಇರಬೇಕು.

“ಎಲ್ಲಾರ್‍ದೂ ಜಿಪ್ ಬೆನ್ನಾಗ ಇರ್ತೈತಿ?”

ಎಲ್ಲರದೂ ಅಂದೆ.

“ಒಳಗ ಇನ್ನೊಬ್ಬರು ಇರ್ತಾರ?”

ಯಾವಾಗಲೂ ಅಂದೆ. ಘನತೆಯಿಂದ. ಆಯೋಗದ ಮೊದಲ ಗೆಲುವು. ವೈನಿ ನನಗೆ ತಾನಾಗಿಯೇ ಚಹಾ ಕೊಟ್ಟಳು. ಸಿಹಿ ಇತ್ತು.

4 ಮೇ, ಭಾನುವಾರ

ಅಣ್ಣ ಇವತ್ತು ಎರಡು ಸಲ ಹೇಳಿದ, ಊಟದಲ್ಲಿ ಒಮ್ಮೆ, ಚಹಾದಲ್ಲಿ ಒಮ್ಮೆ. ಸ್ನಾನ ಮುಗಿಸಿ ಟವೆಲ್ಲಿನಲ್ಲಿ ನಿಂತಿದ್ದನಂತೆ. ನೀಲಾ ತಾನಾಗಿ ಬಂದಳಂತೆ. ಎರಡು ತಿಂಗಳಾಯಿತು ಅವಳು ಅವನ ಹತ್ತಿರ ತಾನಾಗಿ ಬಂದು. ಬೆನ್ನ ಮೇಲೆ ಕುತ್ತಿಗೆಯಿಂದ ಸೊಂಟದವರೆಗೆ ಮೆಲ್ಲಗೆ ಬೆರಳು ಎಳೆದಳಂತೆ. ಅವನು ಅಲ್ಲಾಡದೆ ನಿಂತಿದ್ದನಂತೆ, ಓಡಿಹೋದಾಳು ಎಂದು.

ಹೇಳುವಾಗ ತಟ್ಟೆಯನ್ನೇ ನೋಡುತ್ತಿದ್ದ. ಕಣ್ಣು ಒದ್ದೆ.

ನಾನು ಎದ್ದು ಬಾಗಿ ವಂದಿಸಿದೆ. ಅವ್ವ ಬೆನ್ನಿಗೆ ಒಂದು ಹಾಕಿದಳು.

6 ಮೇ — ಮಧ್ಯಾಹ್ನ 3.10

ಈಗಲೇ ಬರೆದುಬಿಡುತ್ತೇನೆ.

ಮೇಜಿನ ಕೆಳಗಿದ್ದೆವು. ನೀಲಾ ನನ್ನ ಕಿವಿಗೆ ಬಾಯಿಟ್ಟು —

“ಜಿಪ್ ಸಿಗವಲ್ದು, ಅತ್ತಿ.”

ಯಾರ ಜಿಪ್?

“ಪಪ್ಪಾಂದು.”

ನಕ್ಕೆ. ಅವಳು ನಗಲಿಲ್ಲ. ಆಮೇಲೆ ಒಂದೊಂದಾಗಿ ಬಂತು.

ಮಾರ್ಚ್ ಎಂಟು. ಜೀಡಿಮೆಟ್ಲಾದಲ್ಲಿ ಅಣ್ಣನ ಔಷಧಿ ಫ್ಯಾಕ್ಟರಿಯ ಫ್ಯಾಮಿಲಿ ಡೇ. ಅಣ್ಣ ಆ ದಿನವೇ ಇಂಜೆಕ್ಷನ್ ಬ್ಲಾಕಿಗೆ ಬದಲಾಗಿದ್ದ. ಅಲ್ಲಿ ಗಡ್ಡ ಮೀಸೆ ಕೂಡದು. ನಸುಕಿನ ಶಿಫ್ಟು, ನೀಲಾ ಏಳುವ ಮೊದಲೇ ಹೋಗಿ, ಅಲ್ಲೇ ಬೋಳಿಸಿಕೊಂಡಿದ್ದ. ಮಧ್ಯಾಹ್ನ ವೈನಿ ನೀಲಾಳನ್ನು ಕರೆದುಕೊಂಡು ಹೋದಳು. ಉದ್ದನೆಯ ಗಾಜು. ಗಾಜಿನ ಹಿಂದೆ ಐದು ಜನ, ಅಡಿಯಿಂದ ಮುಡಿಯವರೆಗೆ ಬಿಳಿ, ಮುಖಕ್ಕೆ ಮಾಸ್ಕ್, ಕಣ್ಣಿಗೆ ಗಾಗಲ್. ಆಫೀಸಿನವರೊಬ್ಬರು ಕೇಳಿದರು — ನಿಮ್ಮ ಪಪ್ಪಾ ಯಾರು, ತೋರಿಸು? ನೀಲಾ ಎತ್ತರದವನನ್ನು ತೋರಿಸಿದಳು. ಎಲ್ಲರೂ ನಕ್ಕರು. ಅದು ಬೇರೆ ಯಾರೋ. ಉಳಿದ ನಾಲ್ವರಲ್ಲಿ ಯಾರೂ ಕೈ ಬೀಸಲಿಲ್ಲ. (ಒಳಗೆ ಕೈ ಎತ್ತಬಾರದು, ರೂಲ್ಸ್. ಮಗುವಿಗೆ ಯಾರು ಹೇಳಿದ್ದಾರೆ?)

ಸಂಜೆ ಒಬ್ಬ ಮನುಷ್ಯ ಮನೆಗೆ ಬಂದ. ಪಪ್ಪಾನ ಶರ್ಟು, ಪಪ್ಪಾನ ಡಬ್ಬಿ, ಪಪ್ಪಾನ ದನಿ. ಮೀಸೆ ಇಲ್ಲ.

“ಪಪ್ಪಾ ಇನ್ನೂ ಅಲ್ಲೇ ಅದಾನ. ಗಾಜಿನ ಹಿಂದ.”

ಹಾಗಾದರೆ ಇವನು?

“ಇವ ಪಪ್ಪಾನ್ನ ಹಾಕ್ಕೊಂಡಾನ.”

ಸನ್ನಿಧಾನ ಕ್ಷಮಿಸಬೇಕು, ಈ ವಾಕ್ಯಕ್ಕೆ ನನ್ನ ಹತ್ತಿರ ಯಾವ ಬಿರುದೂ ಇಲ್ಲ.

ಎರಡು ತಿಂಗಳು. ಆರು ವರ್ಷದ ಕೂಸು ಎರಡು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಆ ಮನುಷ್ಯ ಸಂಜೆ ಬಂದಾಗ ನೀರು ಕೊಟ್ಟಿದ್ದಾಳೆ. ನಾನು ಏನು ಮಾಡಿದೆ? ಕರಡಿ ತಲೆ ತೆಗೆದು, ಒಳಗೆ ಇನ್ನೊಬ್ಬರು ಯಾವಾಗಲೂ ಇರುತ್ತಾರೆ ಅಂದೆ. ಎಲ್ಲರದೂ ಜಿಪ್ ಬೆನ್ನಲ್ಲಿ ಅಂದೆ. ಅವಳು ಹೋಗಿ ಹುಡುಕಿದಳು. ಅಣ್ಣ ಅದನ್ನು ಪ್ರೀತಿ ಅಂದುಕೊಂಡು ಅಲ್ಲಾಡದೆ ನಿಂತ.

7 ಮೇ

ಉಪ್ಪು ಹಾಕಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ವೈನಿ ಹಣೆ ಮುಟ್ಟಿ ನೋಡಿದಳು.

11 ಮೇ, ಭಾನುವಾರ

ಹೇಳಿದೆ. ಐದು ದಿನ ಬೇಕಾಯಿತು. ನೀಲಾ ಕೆಳಗೆ ಆಡಲು ಹೋದಾಗ ಅಣ್ಣ, ವೈನಿ, ಅವ್ವ ಮೂವರನ್ನೂ ಕೂರಿಸಿ, ಒಂದೂ ಜೋಕಿಲ್ಲದೆ ಹೇಳಿದೆ. ಮೊದಲು ನಂಬಲಿಲ್ಲ. ನನ್ನ ಹೊಸ ಆಟ ಅಂದುಕೊಂಡರು. ಆ ತಪ್ಪು ಅವರದಲ್ಲ.

ವೈನಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವ ನೀಲಾ ತನ್ನ ಹತ್ತಿರ ಮಲಗಲು ಹಟ ಮಾಡುತ್ತಿದ್ದುದನ್ನು ನೆನೆಸಿಕೊಂಡಳು, ಸ್ಕೂಟರಿನಲ್ಲಿ ಮುಂದೆ ನಿಲ್ಲಲು ಒಲ್ಲೆ ಅನ್ನುವುದನ್ನು, ಅಣ್ಣ ತಂದ ಚಾಕಲೇಟನ್ನು ಫ್ರಿಜ್ಜಿನ ಹಿಂದೆ ಹಾಕುವುದನ್ನು. ಒಂದೊಂದೂ ಕಣ್ಣ ಮುಂದೆಯೇ ಇತ್ತು. ದೊಡ್ಡವಳಾಗುತ್ತಿದ್ದಾಳೆ ಅಂದುಕೊಂಡಿದ್ದೆವು.

ಅಣ್ಣ ಎದ್ದು ವಾಶ್‌ಬೇಸಿನ್ನಿನ ಕನ್ನಡಿಯ ಮುಂದೆ ನಿಂತ. ಮೇಲ್ತುಟಿ ಮುಟ್ಟಿ ನೋಡಿಕೊಂಡ. ಬಹಳ ಹೊತ್ತು.

ಮೀಸೆ ಮತ್ತೆ ಬಿಡು, ರಜಾ ಹಾಕು ಎಂದಳು ಅವ್ವ.

“ಮೀಸಿ ಬಂದ್ರ ಇನ್ನೊಬ್ಬಾವ ಬಂದ ಅಂತಾಳವ್ವಾ,” ಅಂದ ಅಣ್ಣ.

ಹೌದಲ್ಲ. ಕೆಳಗಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು, ಅದರಲ್ಲಿ ನೀಲಾಳ ದನಿಯೂ.

ಆಮೇಲೆ ಅಣ್ಣನೇ ಶುರು ಮಾಡಿದ, ಯಾರಿಗೂ ಅಲ್ಲ ಎಂಬಂತೆ. ಅವರ ಬ್ಲಾಕಿನಲ್ಲಿ ಬಿಳಿ ಉಡುಪನ್ನು ಯಾರೂ ಒಬ್ಬರೇ ಹಾಕಿಕೊಳ್ಳುವುದಿಲ್ಲವಂತೆ. ಎದುರಿಗೆ ಇನ್ನೊಬ್ಬ ನಿಲ್ಲಬೇಕು. ತಲೆ ಮುಚ್ಚುವ ಹುಡ್ಡು, ಮಾಸ್ಕ್, ಮೈ, ಬೂಟು, ಕೈಗವಸು, ಗಾಗಲ್ — ಒಂದೊಂದನ್ನೂ ಅವನು ನೋಡಿ, ರಿಜಿಸ್ಟರಿನಲ್ಲಿ ಟಿಕ್ ಮಾಡಿ, ಕೆಳಗೆ ಸಹಿ ಹಾಕಬೇಕು. ಇವನು ಇವನೇ, ನಾನು ನೋಡಿದ್ದೇನೆ, ಎಂದು.

“ಅಕಿಗೆ ಮುಗಿದಿದ್ದನ್ನ ತೋರಿಸಿದ್ವಿ,” ಅಂದ. “ಶುರುವಿನಿಂದ ಯಾರೂ ತೋರಿಸ್ಲಿಲ್ಲ.”

ಆಯೋಗವನ್ನು ಈ ಕ್ಷಣದಿಂದ ವಿಸರ್ಜಿಸಲಾಗಿದೆ. ಅಧ್ಯಕ್ಷೆಯನ್ನು ವಜಾ ಮಾಡಲಾಗಿದೆ.

18 ಮೇ, ಭಾನುವಾರ — ಬೆಳಿಗ್ಗೆ 11

ಟ್ರೇನಿಂಗಿಗೆ ಬಳಸಿ ಬಿಟ್ಟ ಹಳೆಯ ಉಡುಪೊಂದನ್ನು ಅಣ್ಣ ಕೇಳಿ ತಂದಿದ್ದ. ಹಾಲಿನ ನಡುವೆ ಸ್ಟೂಲು. ಸ್ಟೂಲಿನ ಈಚೆ ನೀಲಾ, ಕೈಯಲ್ಲಿ ಪೆನ್ನು, ತೊಡೆಯ ಮೇಲೆ ರಿಜಿಸ್ಟರ್. ಗೆರೆ ಎಳೆದುಕೊಟ್ಟವಳು ನಾನು. ಬಾಗಿಲು ಯಾವುದೂ ಮುಚ್ಚಿರಲಿಲ್ಲ. ಅಣ್ಣ ಅವಳ ಕಣ್ಣಿನಿಂದ ಒಂದು ಕ್ಷಣವೂ ಮರೆಯಾಗಬಾರದು, ಅದೊಂದೇ ಕರಾರು.

ಹುಡ್ಡು. ಟಿಕ್. ಮಾಸ್ಕ್. ಪೆನ್ನು ನಿಂತಿತು.

“ತಡಿ,” ಅಂದಳು. ಹತ್ತಿರ ಹೋಗಿ ಮಾಸ್ಕ್ ಕೆಳಗೆಳೆದಳು, ನೋಡಿದಳು, ಮೇಲಕ್ಕೆ ಬಿಟ್ಟಳು. ಮತ್ತೆ ಎಳೆದಳು. ಮತ್ತೆ ಬಿಟ್ಟಳು. ಅಣ್ಣ ಉಸಿರು ಹಿಡಿದು ಮಂಡಿಯೂರಿ ಕುಳಿತಿದ್ದ. ಟಿಕ್.

ಕೊನೆಗೆ ಗಾಗಲ್. ಎದ್ದು ನಿಂತ. ಹಾಲಿನ ನಡುವೆ ಬಿಳಿಯ ಏನೋ ಒಂದು. ನನಗೇ ಎದೆ ಝಲ್ ಎಂದಿತು, ಸುಳ್ಳು ಯಾಕೆ.

“ಕೈ ಎತ್ತು,” ಅಂದಳು ನೀಲಾ.

ಅಣ್ಣನ ಕೈ ಎದೆಯವರೆಗೆ ಬಂದು ನಿಂತುಬಿಟ್ಟಿತು. ಅಭ್ಯಾಸ. ಅಲ್ಲಿಂದ ಮೇಲೆ ಎತ್ತಲು ಅವನು ಪಟ್ಟ ಪಾಡು... ಎತ್ತಿದ. ಬೀಸಿದ. ಸುಮ್ಮನೆ, ನಿಲ್ಲಿಸದೆ, ಬೀಸಿದ.

ನೀಲಾಳ ಕೆಳದುಟಿ ಅದುರಿತು. ಅಳಲಿಲ್ಲ. ತಿರುಗುಮುರುಗಾಗಿ ಒಂದೊಂದೇ ತೆಗೆಸಿದಳು, ಟಿಕ್ ಮಾಡಿದಳು, ಶಾಲೆಯಲ್ಲಿ ಕಲಿತ ತೆಲುಗು ಅಕ್ಷರದಲ್ಲಿ ಸಹಿ ಹಾಕಿದಳು. ನಾಳೆ ಮತ್ತೆ, ಅಂದಳು.

25 ಮೇ, ಭಾನುವಾರ

ಏಳು ದಿನ, ಏಳು ಸಹಿ. ಇವತ್ತು ಕರಡಿಗೆ ಬಡ್ತಿ. ಅಂಬಣ್ಣನವರಿಗೆ ಫೋನ್ ಮಾಡಿ ವಾಯಿದೆ ಹೆಚ್ಚಿಸಿಕೊಂಡಿದ್ದೆ. ಅಣ್ಣ ಕರಡಿ, ಜಿಪ್ ಎಳೆದವಳು ನೀಲಾ. ಕೆಳಗಿನದು ಕಾಣುವುದಿಲ್ಲವಲ್ಲ, ಕೈಹಿಡಿದು ಮೂರು ಮಹಡಿ ಇಳಿಸಿದವಳೂ ನೀಲಾ. “ಮೆಟ್ಲ ಐತಿ. ಇನ್ನೊಂದ ಐತಿ. ಖಲಾಸ್.” ವಾಚ್‌ಮನ್ ಎದ್ದು ಸೆಲ್ಯೂಟ್ ಹೊಡೆದ.

ಮೊಬೈಲ್ ಅಂಗಡಿಯ ಕರಡಿ ದೂರದಿಂದಲೇ ನೋಡಿ ಕೈಬೀಸುವುದನ್ನು ನಿಲ್ಲಿಸಿತು. ಹತ್ತಿರ ಬಂದು, ಬಾಯಿಯ ಜಾಳಿಗೆಯಿಂದ, ತಗ್ಗಿದ ದನಿಯಲ್ಲಿ ಕೇಳಿತು —

“ಭಾಯ್, ಯೇ ಕಾರ್ನರ್ ಮೇರಾ ಹೈ. ಆಪ್ ಕೌನ್ಸೀ ದುಕಾನ್ ಸೇ?”

ನೀಲಾ ಅದರ ಬಾಯಿಯನ್ನೇ ನೋಡಿದಳು. ಆಮೇಲೆ ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ನಿಮ್ಮ ಮೂಲೆ ನಮಗೆ ಬೇಡ, ಇವರು ಅಂಗಡಿಯವರಲ್ಲ, ನಮ್ಮ ಮನೆಯವರು ಎಂದು ತಿಳಿಸಿದಳು. ಕರಡಿಗಳು ಕೈಕುಲುಕಿದವು. ಒಳಗೆ ಅಣ್ಣನ ಭುಜ ಕುಲುಕುತ್ತಿತ್ತು. ನಗುವೋ ಅಳುವೋ. ತಲೆ ತೆಗೆದಾಗ ಎಲ್ಲವೂ ಬೆವರು.

1 ಜೂನ್, ಭಾನುವಾರ — ರಾತ್ರಿ ಊಟದ ಮುಂಚೆ

ಗೇಟಿನ ಕರಡಿಗೆ ಅವಳೇ ಕೈಕೊಟ್ಟಳು. ಬೆನ್ನ ಹಿಂದೆ ಹೋಗಿ ಜಿಪ್ ಇರುವುದನ್ನು ಖಾತ್ರಿ ಮಾಡಿಕೊಂಡು, ತಟ್ಟಿ, ಮುಂದೆ ನಡೆದಳು. ಇಡೀ ದಿನ ಅಣ್ಣನ ಹೆಗಲ ಮೇಲೆ. ಕೇಕಿನ ಮೊದಲ ತುಂಡು ಅವನ ಬಾಯಿಗೆ. ಫ್ಯಾಕ್ಟರಿಯವರಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಅಲ್ಲೇ ಅಳು ಬರುತ್ತಿತ್ತು.

ಮನೆಗೆ ಬಂದು ಅವ್ವ ದೃಷ್ಟಿ ಹೋಗಲೆಂದು ನನ್ನ ಲಟಿಕೆ ತೆಗೆದಳು. ಅಣ್ಣ ಹೆಚ್ಚು ಮಾತಿನವನಲ್ಲ. “ನೀ ಇಲ್ದಿದ್ರ ಗೊತ್ತಾಗ್ತಿದ್ದಿಲ್ಲ, ಮಧು,” ಅಂದ. ಬಾಗಿ ವಂದಿಸಬೇಕು ಅನ್ನಿಸಿತು. ಆಗಲಿಲ್ಲ.

2 ಜೂನ್ — ಸಂಜೆ

ನೀಲಾ ಬಾಲ್ಕನಿಗೆ ಬಂದಳು. ಹುಟ್ಟುಹಬ್ಬದ ಬಲೂನು ಒಂದು ಉಳಿದಿತ್ತು, ಅದನ್ನು ಕಂಬಿಗೆ ಕಟ್ಟಿದಳು. ದೊಡ್ಡವರ ಹಾಗೆ ಕಾಲು ಮಡಚಿ ಕುಳಿತಳು.

“ಅತ್ತಿ, ಈ ಪಪ್ಪಾನೂ ಭಾಳ ಚಲೋ ಅದಾನ.”

ಹೂಂ ಅಂದೆ. ಈ ಪಪ್ಪಾನೂ?

“ಇವನನ್ನ ಇಟ್ಕೊಳ್ಳೂಣು. ಪಾಪ, ಎಷ್ಟ ಕೈ ಬೀಸ್ತಾನ.” ಆಮೇಲೆ, ನನಗೆ ಧೈರ್ಯ ಹೇಳುವ ಹಾಗೆ, ಮೊಣಕಾಲು ತಟ್ಟಿ — “ನೀ ಅವತ್ತ ಹೇಳಿದ್ದು ನಾ ಯಾರ ಮುಂದನೂ ಹೇಳಿಲ್ಲ.”

ಒಳಗೆ ಅಣ್ಣ ಕರೆದ. ಓಡಿದಳು. ನಗುತ್ತ ಓಡಿದಳು.

ಮರೆತಿದ್ದೆ ಎಂದು ಬರೆಯಬಹುದು. ಮರೆತಿರಲಿಲ್ಲ. ಮೇ ಆರರಂದು ಎಲ್ಲ ಬರೆದೆ, ಇದೊಂದನ್ನು ಬಿಟ್ಟೆ. ಹನ್ನೊಂದರಂದು ಎಲ್ಲ ಹೇಳಿದೆ, ಇದೊಂದನ್ನು ಬಿಟ್ಟೆ.

ಮಾರ್ಚ್ ಎಂಟರ ಸಂಜೆ ಬೆಲ್ ಆದಾಗ ಬಾಗಿಲು ತೆರೆದವಳು ನಾನು. ಅಣ್ಣ ಬಗ್ಗಿ ಬೂಟು ಬಿಚ್ಚುತ್ತಿದ್ದ. ಬೋಳು ಮೇಲ್ತುಟಿ ನೋಡಿ ನಗು ತಡೆಯಲಾಗಲಿಲ್ಲ. ನನ್ನ ಹಿಂದೆ ನೀಲಾ ಒಬ್ಬಳೇ ನಿಂತಿದ್ದಳು. ಅವಳತ್ತ ತಿರುಗಿ, ಎದೆಯ ಮೇಲೆ ಕೈಯಿಟ್ಟು, ಮೆಲ್ಲಗೆ, ಬಹಳ ಗಂಭೀರವಾಗಿ ಹೇಳಿದೆ — ರಾಜಕುಮಾರಿಯವರಿಗೆ ತಿಳಿಯಪಡಿಸುವುದೇನೆಂದರೆ, ಫ್ಯಾಕ್ಟರಿಯವರು ತಮ್ಮ ಪಪ್ಪಾನನ್ನು ಅಲ್ಲೇ ಇಟ್ಟುಕೊಂಡು, ಬದಲಿಗೆ ಮೀಸೆಯಿಲ್ಲದ ಇವನನ್ನು ಕಳಿಸಿದ್ದಾರೆ, ಇದನ್ನು ಯಾರ ಮುಂದೆಯೂ ಹೇಳಬಾರದು.